ಬಿಡುಗಡೆ, ಮಕ್ಕಳು, ಜೀವನಾಂಶ: ಮೂರು ಪ್ರಶ್ನೆಗಳ ನೂರನಲವತ್ತು ವರ್ಷ

ಹೋದ ವರ್ಷ ನಮ್ಮ ಸಂಘದ ರಾಜ್ಯೋತ್ಸವ ಮುಗಿದು, ಊಟದ ಕೊನೆಯ ಪಂಕ್ತಿಯೂ ಎದ್ದ ಮೇಲೆ, ಒಬ್ಬ ಸದಸ್ಯೆ ನನ್ನನ್ನು ಪಕ್ಕಕ್ಕೆ ಕರೆದರು. ಹುಬ್ಬಳ್ಳಿ ಕಡೆಯವರು, ಮುಂಬಯಿಗೆ ಬಂದು ಎರಡು ವರ್ಷವಾಗಿತ್ತು. ನಾಲ್ಕು ವರ್ಷದ ಮಗಳು ಅವರ ಹೆಗಲ ಮೇಲೆ ನಿದ್ದೆ ಹೋಗಿದ್ದಳು. “ಅಕ್ಕಾ, ಕೇಸ್ ಹಾಕೂದಾದ್ರ ಮದುವಿ ಆದ ಊರಿಗೇ ಹೋಗಿ ಹಾಕ್ಬೇಕಂತ, ಹೌದೇನ್ರೀ? ಹಾಕಿದ್ರ ಮಗಳನ್ನ ಅವರಿಗೇ ಕೊಡ್ತಾರಂತ. ನಾ ನೌಕರಿ ಮಾಡ್ತೀನಿ ಅಂತ ಒಂದು ರೂಪಾಯಿನೂ ಬರೂದಿಲ್ಲಂತ” ಎಂದರು.

ಇದನ್ನೆಲ್ಲ ಅವರಿಗೆ ಹೇಳಿದವರು ಯಾರೂ ವಕೀಲರಲ್ಲ. ಚಿಕ್ಕಪ್ಪ, ಭಾವ, ಪಕ್ಕದ ಮನೆಯವರು. ನಾನು ಎಂ.ಟೆಕ್ ಓದಿದವಳು, ಹನ್ನೆರಡು ವರ್ಷದಿಂದ ಐಟಿ ಕಂಪನಿಯಲ್ಲಿ ದುಡಿಯುತ್ತಿರುವವಳು. ಆದರೂ ಆ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ನನ್ನ ಬಳಿ ಖಚಿತ ಉತ್ತರವಿರಲಿಲ್ಲ. ಅವಮಾನವೆನಿಸಿತು. ಮನೆಗೆ ಬಂದು ಓದತೊಡಗಿದೆ. ನಮ್ಮ ವೃತ್ತಿಯಲ್ಲಿ ಪ್ರೋಗ್ರಾಮಿನ ಒಂದು ಸಾಲು ಬದಲಾದರೂ ಯಾರು, ಯಾವಾಗ, ಯಾಕೆ ಬದಲಾಯಿಸಿದರು ಎಂಬ ದಾಖಲೆ ಉಳಿಯುತ್ತದೆ. ಕಾನೂನಿಗೂ ಅಂಥ ದಾಖಲೆಯುಂಟು. ಅದನ್ನು ಹಿಂದಿನಿಂದ ಓದುತ್ತಾ ಬಂದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಇಂದು ನಮಗಿರುವ ಹಕ್ಕುಗಳಲ್ಲಿ ಯಾವುದೂ ತಾನಾಗಿ ಬಂದದ್ದಲ್ಲ. ಹಲವು ಹಕ್ಕುಗಳ ಹಿಂದೆ ಕೋರ್ಟಿನ ಮೆಟ್ಟಿಲು ಹತ್ತಿದ ಒಬ್ಬ ಹೆಣ್ಣುಮಗಳಿದ್ದಾಳೆ. ಆ ಕಥೆಯನ್ನು ನಮ್ಮ ಮಹಿಳಾ ವಿಭಾಗದ ಓದುಗರೊಂದಿಗೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ. ನಾನು ವಕೀಲೆಯಲ್ಲ, ಇದು ಇತಿಹಾಸದ ಓದು ಮಾತ್ರ.

ಜೈಲಿಗಾದರೂ ಹೋಗುತ್ತೇನೆ ಎಂದವಳು

ಕಥೆ ನಾವಿರುವ ಮುಂಬಯಿಯಲ್ಲೇ ಶುರುವಾಗುತ್ತದೆ. 1864ರಲ್ಲಿ ಹುಟ್ಟಿದ ರುಖ್ಮಾಬಾಯಿಗೆ ಹನ್ನೊಂದನೇ ವಯಸ್ಸಿಗೆ ದಾದಾಜಿ ಭಿಕಾಜಿ ಎಂಬುವನೊಡನೆ ಮದುವೆಯಾಯಿತು. ಆಕೆ ಗಂಡನ ಮನೆಗೆ ಹೋಗಲಿಲ್ಲ. ತಾಯಿ ಮತ್ತು ಮಲತಂದೆ ಡಾ. ಸಖಾರಾಮ್ ಅರ್ಜುನ್ ಅವರ ಮನೆಯಲ್ಲೇ ಬೆಳೆದು ಓದು ಕಲಿತಳು. 1884ರಲ್ಲಿ ದಾದಾಜಿ ಬಾಂಬೆ ಹೈಕೋರ್ಟಿಗೆ ಹೋದ. ಹೆಂಡತಿ ತನ್ನೊಡನೆ ಬಂದು ಸಂಸಾರ ಮಾಡಬೇಕೆಂದು ಆದೇಶ ಕೊಡಿ ಎಂಬುದು ಅವನ ಕೋರಿಕೆ. ಕಾನೂನಿನ ಭಾಷೆಯಲ್ಲಿ ಇದಕ್ಕೆ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ ಎನ್ನುತ್ತಾರೆ. ಇದು ನಮ್ಮ ಧರ್ಮಶಾಸ್ತ್ರದಿಂದ ಬಂದದ್ದಲ್ಲ, ಇಂಗ್ಲೆಂಡಿನ ಚರ್ಚ್ ನ್ಯಾಯಾಲಯಗಳಿಂದ ಬಂದ ಪದ್ಧತಿ.

1885ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಪಿನ್ಹಿ, ಅರಿಯದ ವಯಸ್ಸಿನಲ್ಲಿ ಮದುವೆಯಾದ, ಒಂದು ದಿನವೂ ಜೊತೆಗಿರದ ಹೆಣ್ಣನ್ನು ಹೀಗೆ ಬಲವಂತ ಮಾಡಲಾಗದು ಎಂದು ಆಕೆಯ ಪರ ತೀರ್ಪಿತ್ತರು. ಮೇಲ್ಮನವಿಯಲ್ಲಿ ಅದು ನಿಲ್ಲಲಿಲ್ಲ. ಪ್ರಕರಣ ಮರುವಿಚಾರಣೆಗೆ ಬಂದಾಗ, 1887ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಫರ್ರಾನ್ ಗಂಡನ ಜೊತೆ ಬಾಳಬೇಕು, ಇಲ್ಲವಾದರೆ ಆರು ತಿಂಗಳ ಸೆರೆವಾಸ ಎಂದರು. ಸೆರೆಗೇ ಹೋಗುತ್ತೇನೆ ಎಂದಳು ರುಖ್ಮಾಬಾಯಿ. ದೇಶದ ಪತ್ರಿಕೆಗಳೆಲ್ಲ ಈ ಮೊಕದ್ದಮೆಯನ್ನೇ ಚರ್ಚಿಸಿದವು. ಲೋಕಮಾನ್ಯ ತಿಲಕರೂ ಆಕೆಯ ವಿರುದ್ಧ ಬರೆದರು. ಕೊನೆಗೆ 1888ರಲ್ಲಿ ಎರಡು ಸಾವಿರ ರೂಪಾಯಿ ಕೊಟ್ಟು ದಾದಾಜಿಯೊಡನೆ ರಾಜಿಯಾಯಿತು. ಆಕೆ ಲಂಡನ್ನಿಗೆ ಹೋಗಿ ವೈದ್ಯಕೀಯ ಓದಿ, 1894ರಲ್ಲಿ ಡಾಕ್ಟರಾಗಿ, ಸೂರತ್ ಮತ್ತು ರಾಜಕೋಟೆಯಲ್ಲಿ ದಶಕಗಳ ಕಾಲ ಹೆಂಗಸರ ಆಸ್ಪತ್ರೆ ನಡೆಸಿದಳು.

ಗಮನಿಸಿ, ಆಕೆಗೆ ಸಿಕ್ಕಿದ್ದು ವಿಚ್ಛೇದನವಲ್ಲ. ಆಗಿನ ಹಿಂದೂ ಕಾನೂನಿನಲ್ಲಿ ಕೋರ್ಟು ಕೊಡಬಹುದಾದ ವಿಚ್ಛೇದನವೇ ಇರಲಿಲ್ಲ. ದಾದಾಜಿ ಇನ್ನೊಂದು ಮದುವೆ ಮಾಡಿಕೊಂಡ. ಆಕೆ ಹಾಗೆ ಮಾಡುವಂತಿರಲಿಲ್ಲ. ರುಖ್ಮಾಬಾಯಿ ತೀರಿಕೊಂಡದ್ದು 1955ರ ಸೆಪ್ಟೆಂಬರಿನಲ್ಲಿ. ದೇಶದ ಎಲ್ಲ ಹಿಂದೂ ಹೆಂಗಸರಿಗೂ ವಿಚ್ಛೇದನದ ಹಕ್ಕು ಕೊಟ್ಟ ಕಾಯಿದೆ ಜಾರಿಗೆ ಬಂದದ್ದು ಅದೇ ವರ್ಷದ ಮೇ 18ರಂದು. ಒಂದು ಇಡೀ ಆಯುಷ್ಯ ಬೇಕಾಯಿತು.

ಒಂದೇ ಕನ್ನಡ, ಬೇರೆ ಬೇರೆ ಕಾನೂನು

ಹಿಂದೆ ವಿಚ್ಛೇದನವೇ ಇರಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಕೋರ್ಟಿನ ಪುಸ್ತಕದಲ್ಲಿ ಇರಲಿಲ್ಲ, ಅಷ್ಟೆ. ನಮ್ಮ ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ಪಂಚರ ಮುಂದೆ ಸೋಡಚೀಟಿ ಬರೆಸಿಕೊಂಡು ಬೇರೆಯಾಗುವುದು, ಆಮೇಲೆ ಉಡಿಕೆ ಮಾಡಿಕೊಳ್ಳುವುದು ತಲೆಮಾರುಗಳಿಂದ ನಡೆದುಬಂದಿತ್ತು. ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು; ಮಕ್ಕಳು ಯಾರವರು ಎಂಬ ಪ್ರಶ್ನೆಯೇ ಅಲ್ಲಿ ಬೇರೆ ರೀತಿಯದು. ಬಿಡುಗಡೆಯ ದಾರಿ ಮುಚ್ಚಿದ್ದು ಮುಖ್ಯವಾಗಿ ಮೇಲ್ಜಾತಿ ಎನಿಸಿಕೊಂಡವರ ಮನೆಗಳಲ್ಲಿ. ಬ್ರಿಟಿಷ್ ನ್ಯಾಯಾಲಯಗಳು ಗ್ರಂಥಗಳಲ್ಲಿದ್ದ ಆ ನಿಯಮಗಳನ್ನೇ ಹಿಂದೂ ಕಾನೂನೆಂದು ಹಿಡಿದವು. ಬೇರೆ ರೂಢಿ ಇದ್ದವರು ಅದನ್ನು ಸಾಕ್ಷಿಸಮೇತ ಸಾಬೀತು ಮಾಡಬೇಕಾಯಿತು. 1955ರ ಕಾಯಿದೆಯೂ ರೂಢಿಯ ವಿಚ್ಛೇದನವನ್ನು ರದ್ದು ಮಾಡಲಿಲ್ಲ. ಆದರೆ ಅಂಥ ರೂಢಿ ಇತ್ತೆಂದು ತೋರಿಸುವ ಹೊಣೆ ಇಂದಿಗೂ ಹೇಳುವವರದೇ.

ಇನ್ನು ಬರೆದ ಕಾನೂನಿನ ವಿಷಯ. ಹಿಂದೂ ಸಂಸ್ಥಾನಗಳ ಪೈಕಿ ಬರೋಡ 1931ರಲ್ಲೇ ವಿಚ್ಛೇದನದ ಕಾಯಿದೆ ಮಾಡಿತು. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ತಂದು, ಆಸ್ತಿಯ ವಿಷಯದಲ್ಲಿ ಬ್ರಿಟಿಷ್ ಭಾರತಕ್ಕಿಂತ ಮುಂದೆ ಹೋಯಿತು. ಆದರೆ ವಿಚ್ಛೇದನದ ವಿಷಯಕ್ಕೆ ಅದು ಕೈಹಾಕಲಿಲ್ಲ. 1946ರಲ್ಲಿ ಕೇಂದ್ರದ ಒಂದು ಕಾಯಿದೆ, ಗಂಡ ಮತ್ತೊಂದು ಮದುವೆಯಾದರೆ ಅಥವಾ ಕ್ರೂರವಾಗಿ ನಡೆದುಕೊಂಡರೆ ಹೆಂಡತಿ ಬೇರೆ ಇದ್ದು ಜೀವನಾಂಶ ಕೇಳಬಹುದು ಎಂದಿತು. ಬೇರೆ ಇರಬಹುದು, ಆದರೆ ಬಿಡುಗಡೆ ಇಲ್ಲ.

ಬಾಂಬೆ ಪ್ರಾಂತ 1947ರಲ್ಲಿ ಹಿಂದೂ ವಿಚ್ಛೇದನ ಕಾಯಿದೆ ಮಾಡಿತು. ಮದ್ರಾಸ್ ಪ್ರಾಂತ 1949ರಲ್ಲಿ ದ್ವಿಪತ್ನಿತ್ವ ನಿಷೇಧ ಮತ್ತು ವಿಚ್ಛೇದನ ಎರಡನ್ನೂ ಸೇರಿಸಿ ಕಾಯಿದೆ ತಂದಿತು. ಆಗ ಕನ್ನಡ ನಾಡು ಹರಿದು ಹಂಚಿಹೋಗಿತ್ತೆಂಬುದು ನಮಗೆಲ್ಲ ಗೊತ್ತು. ಅದರ ಪರಿಣಾಮ ಹೆಣ್ಣುಮಕ್ಕಳ ಬದುಕಿನ ಮೇಲೆ ಹೇಗಾಯಿತೆಂದು ನಾನು ಮೊದಲು ಯೋಚಿಸಿಯೇ ಇರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಹಿಂದೂ ಹೆಣ್ಣುಮಗಳು 1947ರಿಂದ ಕೋರ್ಟಿನಲ್ಲಿ ವಿಚ್ಛೇದನ ಕೇಳಬಹುದಿತ್ತು. ಮಂಗಳೂರು, ಬಳ್ಳಾರಿಯವಳು 1949ರಿಂದ. ಮೈಸೂರು, ತುಮಕೂರು, ಶಿವಮೊಗ್ಗದವಳಿಗೂ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ರಾಯಚೂರು, ಬೀದರಿನವಳಿಗೂ 1955ರವರೆಗೆ ಕಾಯಬೇಕಾಯಿತು. ತುಂಗಭದ್ರೆಯ ಈ ದಡದಲ್ಲಿದ್ದ ಅಕ್ಕನಿಗೆ ಸಿಕ್ಕ ಹಕ್ಕು ಆ ದಡಕ್ಕೆ ಮದುವೆಯಾಗಿ ಹೋದ ತಂಗಿಗೆ ಸಿಗದ ಕಾಲ ಅದು. ಏಕೀಕರಣವೆಂದರೆ ನಮಗೆ ಭಾಷೆ, ನಕ್ಷೆ ನೆನಪಾಗುತ್ತವೆ; ಇದೂ ನೆನಪಾಗಬೇಕು.

ಮುಸ್ಲಿಂ ಹೆಂಗಸರಿಗೆ ಇದಕ್ಕಿಂತ ಮೊದಲೇ, 1939ರ ಕಾಯಿದೆಯಿಂದ, ಕೋರ್ಟಿನ ಮೂಲಕ ವಿವಾಹ ರದ್ದುಪಡಿಸಿಕೊಳ್ಳುವ ದಾರಿ ತೆರೆದಿತ್ತು: ಗಂಡ ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ, ಎರಡು ವರ್ಷ ಹೊಟ್ಟೆ ಬಟ್ಟೆ ನೋಡದಿದ್ದರೆ, ಕ್ರೂರವಾಗಿ ನಡೆದುಕೊಂಡರೆ. ಕ್ರೈಸ್ತರ 1869ರ ಕಾಯಿದೆಯಲ್ಲಿ ತಾರತಮ್ಯ ಕಣ್ಣಿಗೆ ರಾಚುವಂತಿತ್ತು. ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕು. ಹೆಂಡತಿಗೆ ವ್ಯಭಿಚಾರದ ಜೊತೆಗೆ ಕ್ರೌರ್ಯವೋ ತೊರೆದುಹೋದದ್ದೋ ಇನ್ನೊಂದು ಕಾರಣವೂ ಬೇಕು. ಇದನ್ನು ಸಂಸತ್ತು ಸರಿಪಡಿಸಿದ್ದು 2001ರಲ್ಲಿ.

ಸಂಹಿತೆ ಚೂರುಚೂರಾಗಿ ಬಂದ ಬಗೆ

ಹಿಂದೂ ಕಾನೂನನ್ನು ಒಟ್ಟಾಗಿ ಸುಧಾರಿಸಲು 1941ರಲ್ಲಿ ಒಂದು ಸಮಿತಿ ನೇಮಕವಾಯಿತು. ಅದರ ಅಧ್ಯಕ್ಷರು ನಮ್ಮ ಕರಾವಳಿಯ ಬೆನಗಲ್ ಮನೆತನದ ಸರ್ ಬಿ.ಎನ್. ರಾವ್, ಮುಂದೆ ಸಂವಿಧಾನ ಸಭೆಯ ಸಲಹೆಗಾರರಾದವರು ಇವರೇ. 1944ರಲ್ಲಿ ಮರುಜೀವ ಪಡೆದ ಸಮಿತಿ ಊರೂರು ತಿರುಗಿ ಸಾಕ್ಷ್ಯ ಪಡೆದು ಕರಡು ಸಿದ್ಧಪಡಿಸಿತು. ಸ್ವಾತಂತ್ರ್ಯದ ನಂತರ ಆ ಮಸೂದೆಯನ್ನು ಕೈಗೆತ್ತಿಕೊಂಡವರು ಕಾನೂನು ಮಂತ್ರಿ ಡಾ. ಅಂಬೇಡ್ಕರ್. ವಿಚ್ಛೇದನ ಮತ್ತು ಹೆಣ್ಣುಮಕ್ಕಳ ಆಸ್ತಿ ಹಕ್ಕು, ಇವೆರಡಕ್ಕೆ ಬಂದ ವಿರೋಧ ಅಷ್ಟಿಷ್ಟಲ್ಲ. ಮಸೂದೆ ಮುಂದೆ ಸಾಗದೆ ಹೋದಾಗ, 1951ರಲ್ಲಿ ಅಂಬೇಡ್ಕರ್ ರಾಜೀನಾಮೆ ಕೊಟ್ಟರು. ಅವರು ಕೊಟ್ಟ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಆಮೇಲೆ ಅದೇ ಸಂಹಿತೆ ನಾಲ್ಕು ಚೂರಾಗಿ ಬಂತು: 1955ರಲ್ಲಿ ವಿವಾಹ ಕಾಯಿದೆ, 1956ರಲ್ಲಿ ಉತ್ತರಾಧಿಕಾರ, ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ, ದತ್ತಕ ಮತ್ತು ಜೀವನಾಂಶ ಕಾಯಿದೆಗಳು. ಆದರೆ 1955ರ ವಿಚ್ಛೇದನ ಸುಲಭದ್ದಾಗಿರಲಿಲ್ಲ. ಗಂಡ ಹೊಡೆದು ಹಿಂಸಿಸುತ್ತಾನೆ ಎಂದರೆ ಕೋರ್ಟು ಬೇರೆ ಇರಲು ಅನುಮತಿ ಕೊಡಬಹುದಿತ್ತೇ ಹೊರತು ಬಿಡುಗಡೆಯನ್ನಲ್ಲ. ಮದುವೆಯಾಗಿ ಮೂರು ವರ್ಷದೊಳಗೆ ಅರ್ಜಿ ಹಾಕುವುದಕ್ಕೂ ಸಾಮಾನ್ಯವಾಗಿ ಅವಕಾಶವಿರಲಿಲ್ಲ. 1976ರ ತಿದ್ದುಪಡಿ ಇದನ್ನೆಲ್ಲ ಬದಲಿಸಿತು. ಕ್ರೌರ್ಯವೇ ವಿಚ್ಛೇದನಕ್ಕೆ ಕಾರಣವಾಯಿತು. ಮೂರು ವರ್ಷ ಒಂದು ವರ್ಷಕ್ಕಿಳಿಯಿತು. ಪರಸ್ಪರ ಒಪ್ಪಿಗೆಯ ವಿಚ್ಛೇದನ ಮೊದಲ ಬಾರಿಗೆ ಹಿಂದೂ ವಿವಾಹ ಕಾಯಿದೆಗೆ ಸೇರಿತು: ಒಂದು ವರ್ಷ ಬೇರೆ ಇದ್ದು, ಇಬ್ಬರೂ ಸೇರಿ ಅರ್ಜಿ ಹಾಕಿ, ಆರು ತಿಂಗಳು ಕಾದು, ಮತ್ತೆ ಬಂದು ಒಪ್ಪಿಗೆ ಹೇಳುವುದು. ಕೊನೆಯ ಆದೇಶವಾಗುವವರೆಗೆ ಯಾರೇ ಆಗಲಿ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ಬೇರೆಯಾಗಿ ಬಹಳ ಕಾಲವಾಗಿ, ಮಕ್ಕಳು ಮತ್ತು ಹಣದ ವಿಷಯವೆಲ್ಲ ಇತ್ಯರ್ಥವಾಗಿದ್ದರೆ ಆ ಆರು ತಿಂಗಳ ಕಾಯುವಿಕೆಯನ್ನು ಕೋರ್ಟು ಮನ್ನಾ ಮಾಡಬಹುದು ಎಂದು 2017ರಲ್ಲಿ ಹೇಳಿತು.

ರುಖ್ಮಾಬಾಯಿಯನ್ನು ಕಾಡಿದ ಆ ಪುನಃಸ್ಥಾಪನೆಯ ದಾವೆ ಏನಾಯಿತು? 1955ರ ಕಾಯಿದೆಯ 9ನೇ ಕಲಮಿನಲ್ಲಿ ಅದು ಉಳಿದುಕೊಂಡಿತು. 1983ರಲ್ಲಿ ಹೈದರಾಬಾದಿನ ಹೈಕೋರ್ಟು ಅದು ಹೆಣ್ಣಿನ ದೇಹ, ಮನಸ್ಸಿನ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ರದ್ದು ಮಾಡಿತು. ಮರುವರ್ಷವೇ ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ ಅದನ್ನು ಎತ್ತಿಹಿಡಿಯಿತು. ಇಂದು ಇದಕ್ಕಾಗಿ ಯಾರನ್ನೂ ಸೆರೆಗೆ ಹಾಕುವುದಿಲ್ಲ. ಆದರೂ ಹೆಂಡತಿ ಜೀವನಾಂಶ ಕೇಳಿದ ಕೂಡಲೇ ಗಂಡನ ಕಡೆಯಿಂದ ಈ ನೋಟಿಸು ಬರುವುದುಂಟು. ಅಂಥದ್ದು ಬಂದರೆ ಹೆದರಿ ಓಡಬೇಕಿಲ್ಲ; ಬೇರೆ ಇರಲು ಕಾರಣವೇನೆಂದು ಕೋರ್ಟಿಗೆ ಲಿಖಿತವಾಗಿ ಉತ್ತರಿಸಬೇಕು.

‘ನಂತರ’ ಎಂಬ ಒಂದು ಪದ

ಈಗ ಎರಡನೇ ಪ್ರಶ್ನೆ, ಮಕ್ಕಳದು. 1956ರ ಪಾಲಕತ್ವ ಕಾಯಿದೆಯ 6ನೇ ಕಲಮು ಹಿಂದೂ ಮಗುವಿನ ಸ್ವಾಭಾವಿಕ ಪಾಲಕ ತಂದೆ, ಅವನ ನಂತರ ತಾಯಿ ಎಂದಿತು. ಜೊತೆಗೆ ಒಂದು ಸಾಲು ಸೇರಿಸಿತು: ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು. 13ನೇ ಕಲಮು ಎಲ್ಲಕ್ಕಿಂತ ಮಗುವಿನ ಹಿತವೇ ಮೇಲು ಎಂದಿತು. ಇಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ. ಪಾಲಕತ್ವವೆಂದರೆ ಮಗುವಿನ ಪರವಾಗಿ ಸಹಿ ಹಾಕುವ, ತೀರ್ಮಾನ ತೆಗೆದುಕೊಳ್ಳುವ ಅಧಿಕಾರ. ಸುಪರ್ದಿಯೆಂದರೆ ಮಗು ದಿನನಿತ್ಯ ಯಾರ ಜೊತೆ ಇರುತ್ತದೆ ಎಂಬುದು. ನಮ್ಮಲ್ಲಿ ಬಹಳ ಜನ ಇವೆರಡನ್ನೂ ಒಂದೇ ಎಂದುಕೊಂಡಿರುತ್ತಾರೆ.

1984ರ ಡಿಸೆಂಬರಿನಲ್ಲಿ ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ 20,000 ರೂಪಾಯಿಯ ಬಾಂಡಿಗೆ ಅರ್ಜಿ ಹಾಕಿದರು. ಪಾಲಕರ ಜಾಗದಲ್ಲಿ ತಾವೇ ಸಹಿ ಮಾಡಿದರು, ಗಂಡನೂ ಒಪ್ಪಿದ್ದರು. ತಂದೆಯ ಸಹಿ ಬೇಕೆಂದು ಅರ್ಜಿ ವಾಪಸು ಬಂತು. ತಂದೆ ಬದುಕಿರುವಾಗ ತಾಯಿ ಪಾಲಕಳಲ್ಲವೆಂಬುದೇ ಕಾರಣ. ಅವರು ಸುಪ್ರೀಂ ಕೋರ್ಟಿಗೆ ಹೋದರು. 1999ರ ಫೆಬ್ರವರಿಯಲ್ಲಿ ತೀರ್ಪು ಬಂತು: ‘ನಂತರ’ ಎಂದರೆ ‘ತಂದೆ ಸತ್ತ ನಂತರ’ ಎಂದಷ್ಟೇ ಅಲ್ಲ, ತಂದೆ ಜೊತೆಗಿಲ್ಲದಾಗ, ಮಗುವಿನ ಬಗ್ಗೆ ಉದಾಸೀನನಾಗಿರುವಾಗ, ಅಥವಾ ಇಬ್ಬರ ಒಪ್ಪಿಗೆಯಿಂದ ತಾಯಿಯೇ ನೋಡಿಕೊಳ್ಳುತ್ತಿರುವಾಗಲೂ ಆಕೆ ಸ್ವಾಭಾವಿಕ ಪಾಲಕಳೇ. ಒಂದು ಪದದ ಅರ್ಥ ಬದಲಾಗಲು ಹದಿನಾಲ್ಕು ವರ್ಷ ಹಿಡಿಯಿತು. ಬ್ಯಾಂಕು, ಶಾಲೆಗಳಲ್ಲಿ ತಾಯಿಯ ಸಹಿಗೂ ಬೆಲೆ ಬಂದುದರ ಹಿಂದೆ ಈ ತೀರ್ಪಿನ ಬಲವೂ ಇದೆ.

2015ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಮಾತನ್ನು ಸ್ಪಷ್ಟಪಡಿಸಿತು. ಐದು ವರ್ಷದೊಳಗಿನ ಮಗುವಿಗೆ ತಾನು ಯೋಗ್ಯಳೆಂದು ತಾಯಿ ಸಾಬೀತು ಮಾಡಬೇಕಿಲ್ಲ. ಆಕೆ ಅಯೋಗ್ಯಳೆಂದು ತೋರಿಸುವ ಹೊಣೆ ತಂದೆಯದು. ಐದು ತುಂಬಿದ ಮಾತ್ರಕ್ಕೆ ಮಗು ತಂದೆಗೆ ಹೋಗುತ್ತದೆ ಎಂಬುದೂ ತಪ್ಪು. ಆಮೇಲೆ ಕೋರ್ಟು ನೋಡುವುದು ಮಗುವಿನ ಓದು, ಆರೋಗ್ಯ, ಒಡನಾಟ, ತಿಳಿವಳಿಕೆ ಬಂದಿದ್ದರೆ ಅದರ ಇಷ್ಟ. ತಾಯಿ ಕೆಲಸಕ್ಕೆ ಹೋಗುತ್ತಾಳೆ ಎಂಬುದಾಗಲಿ, ತಂದೆಗೆ ಸಂಬಳ ಹೆಚ್ಚು ಎಂಬುದಾಗಲಿ ತಾನಾಗಿ ತೀರ್ಮಾನಿಸುವ ಅಂಶವಲ್ಲ.

ಇದರ ಇನ್ನೊಂದು ಮುಖವನ್ನೂ ನಾವು ಹೆಂಗಸರು ಒಪ್ಪಿಕೊಳ್ಳಬೇಕು. ಮಗು ತಾಯಿಯ ಬಳಿ ಇದ್ದರೂ ತಂದೆಯನ್ನು ಕಾಣುವುದು ಮಗುವಿನ ಹಕ್ಕು. 2020ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ದೂರದ ಊರಿನಲ್ಲೋ ಬೇರೆ ದೇಶದಲ್ಲೋ ಇರುವ ತಂದೆ ಅಥವಾ ತಾಯಿಗೆ ವಿಡಿಯೋ ಕರೆಯ ಮೂಲಕವಾದರೂ ಮಗುವಿನೊಡನೆ ನಿತ್ಯ ಮಾತಾಡುವ ಅವಕಾಶವಿರಬೇಕು ಎಂದಿದೆ. ಗಂಡನ ಮೇಲಿನ ಸಿಟ್ಟಿಗೆ ಮಗುವನ್ನು ಬಚ್ಚಿಡುವುದು ಮಗುವಿಗೂ ಅನ್ಯಾಯ, ನಮ್ಮ ಮೊಕದ್ದಮೆಗೂ ಹಾನಿ.

ಐವತ್ತು ರೂಪಾಯಿಯ ಗೆರೆ

ಮೂರನೆಯದು ಹೊಟ್ಟೆಯ ಪ್ರಶ್ನೆ. ಹೆಂಡತಿ ಮಕ್ಕಳನ್ನು ನೋಡಿಕೊಳ್ಳದವನಿಂದ ಮ್ಯಾಜಿಸ್ಟ್ರೇಟರು ಜೀವನಾಂಶ ಕೊಡಿಸುವ ವ್ಯವಸ್ಥೆ ಬ್ರಿಟಿಷರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಇತ್ತು. ನಿರ್ಗತಿಕರು ಬೀದಿಗೆ ಬೀಳದಿರಲಿ ಎಂಬುದು ಅದರ ಉದ್ದೇಶ. ಹಾಗಾಗಿ ಯಾವ ಧರ್ಮದವರಿಗೂ ಅದು ಅನ್ವಯ. 1898ರ ಸಂಹಿತೆಯ 488ನೇ ಕಲಮಿನಲ್ಲಿ ತಿಂಗಳಿಗೆ ಗರಿಷ್ಠ ಮಿತಿ 50 ರೂಪಾಯಿ. 1923ರಲ್ಲಿ ಅದು 100 ಆಯಿತು, 1955ರಲ್ಲಿ 500. 1973ರಲ್ಲಿ ಹೊಸ ಸಂಹಿತೆ ಬಂದು 488 ಹೋಗಿ 125 ಆದಾಗ, ವಿಚ್ಛೇದಿತ ಹೆಂಡತಿಯೂ ಮರುಮದುವೆಯಾಗುವವರೆಗೆ ಜೀವನಾಂಶ ಕೇಳಬಹುದು ಎಂಬ ದೊಡ್ಡ ಬದಲಾವಣೆ ಬಂತು. ಆದರೆ 500ರ ಗೆರೆ ಹಾಗೆಯೇ ಉಳಿಯಿತು. ಕೆಲವು ರಾಜ್ಯಗಳು ತಮ್ಮ ಮಟ್ಟಿಗೆ ಏರಿಸಿಕೊಂಡವು. ಇಡೀ ದೇಶಕ್ಕೆ ಮಿತಿಯೇ ಇಲ್ಲವೆಂದಾದದ್ದು 2001ರಲ್ಲಿ. ಸಾಫ್ಟ್‌ವೇರ್ ಕಂಪನಿಗಳು ತಲೆಯೆತ್ತಿ, ಮುಂಬಯಿಯಲ್ಲಿ ಒಂದು ಕೋಣೆಯ ಬಾಡಿಗೆ ಸಾವಿರಗಳಲ್ಲಿದ್ದಾಗಲೂ ಕಾನೂನು ಪುಸ್ತಕದಲ್ಲಿ 500 ಎಂದೇ ಇತ್ತು.

ಈ ಕಲಮಿನ ಇತಿಹಾಸದಲ್ಲಿ ಮರೆಯಲಾಗದ ಹೆಸರು ಇಂದೋರಿನ ಶಾಬಾನೊ. 1932ರಲ್ಲಿ ಮದುವೆಯಾದ ಆಕೆಯನ್ನು ವಕೀಲನಾಗಿದ್ದ ಗಂಡ 1975ರಲ್ಲಿ ಮನೆಯಿಂದ ಹೊರಹಾಕಿದ. 1978ರಲ್ಲಿ ಆಕೆ ತಿಂಗಳಿಗೆ 500 ರೂಪಾಯಿ ಕೇಳಿ ಅರ್ಜಿ ಹಾಕಿದಾಗ ಆತ ತಲಾಖ್ ಕೊಟ್ಟ. ಮ್ಯಾಜಿಸ್ಟ್ರೇಟರು ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಅದನ್ನೂ ಪ್ರಶ್ನಿಸಿ ಗಂಡ ಸುಪ್ರೀಂ ಕೋರ್ಟಿಗೆ ಹೋದ. 1985ರ ಏಪ್ರಿಲ್ 23ರಂದು ಸೋತ. ಅದಾದ ಮೇಲೆ ಎದ್ದ ವಿವಾದ, 1986ರ ಮುಸ್ಲಿಂ ಮಹಿಳೆಯರ ಕಾಯಿದೆ ಎಲ್ಲರಿಗೂ ಗೊತ್ತಿರುವುದೇ. ಆ ಕಾಯಿದೆಯನ್ನು 2001ರಲ್ಲಿ ಅರ್ಥೈಸಿದ ಸುಪ್ರೀಂ ಕೋರ್ಟ್, ಗಂಡ ಇದ್ದತ್ ಅವಧಿಯೊಳಗೇ ಆಕೆಯ ಮುಂದಿನ ಬದುಕಿಗೂ ಸಾಲುವಷ್ಟು ವ್ಯವಸ್ಥೆ ಮಾಡಬೇಕು ಎಂದಿತು. 2024ರ ಜುಲೈ 10ರಂದು, ವಿಚ್ಛೇದಿತ ಮುಸ್ಲಿಂ ಮಹಿಳೆಯೂ 125ನೇ ಕಲಮಿನಡಿ ಜೀವನಾಂಶ ಕೇಳಬಹುದು ಎಂದು ಮತ್ತೆ ಸ್ಪಷ್ಟಪಡಿಸಿತು. ಆ ಪ್ರಕರಣ ಹೋದದ್ದು ತೆಲಂಗಾಣದಿಂದ. ಅದೇ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದು, 125ರ ಜಾಗದಲ್ಲಿ ಈಗ 144 ಎಂಬ ಸಂಖ್ಯೆಯಿದೆ.

ದುಡಿಯುವ ಹೆಂಡತಿಗೆ ಜೀವನಾಂಶವೇ ಇಲ್ಲವೇ? ಸಂಬಳ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ. ಆ ಸಂಬಳದಲ್ಲಿ ಗಂಡನ ಮನೆಯಲ್ಲಿದ್ದಾಗಿನ ಮಟ್ಟಕ್ಕೆ ಬದುಕಲು ಸಾಧ್ಯವೇ ಎಂದು ಕೋರ್ಟು ನೋಡುತ್ತದೆ. ಕೈತುಂಬ ಸಂಬಳವಿದ್ದರೆ ಆಕೆಯ ಪಾಲಿಗೆ ಸಿಗದೆಯೂ ಹೋಗಬಹುದು. ಆದರೆ ಮಕ್ಕಳ ಪಾಲು ಬೇರೆ; ಅದು ತಂದೆಯ ಹೊಣೆಯಿಂದ ಜಾರುವುದಿಲ್ಲ. 1956ರ ಕಾಯಿದೆಯ ಪ್ರಕಾರ ಮಕ್ಕಳನ್ನು ಸಾಕುವ ಹೊಣೆ ತಾಯಿಯ ಮೇಲೂ ಇದೆ. ಹಿಂದೂ ವಿವಾಹ ಕಾಯಿದೆಯಲ್ಲಿ ಆದಾಯವಿಲ್ಲದ ಗಂಡನೂ ಹೆಂಡತಿಯಿಂದ ಕೇಳಬಹುದು.

2020ರ ನವೆಂಬರಿನ ರಜನೀಶ್–ನೇಹಾ ತೀರ್ಪನ್ನು ಪ್ರತಿಯೊಬ್ಬ ಹೆಣ್ಣುಮಗಳೂ ತಿಳಿದಿರಬೇಕು. ಮಹಾರಾಷ್ಟ್ರದ ನಾಗಪುರದ ಕೌಟುಂಬಿಕ ನ್ಯಾಯಾಲಯದಿಂದ ಹೊರಟ ಪ್ರಕರಣ ಅದು. 2013ರಲ್ಲಿ ಕೇಳಿದ ಮಧ್ಯಂತರ ಜೀವನಾಂಶದ ಜಗಳ ಏಳು ವರ್ಷ ಎಳೆದಿತ್ತು. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಲೇಬೇಕು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು ಎಂದು ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ನಿಯಮ ಮಾಡಿತು. ತೀರ್ಪು ಬರುವುದು ತಡವಾದರೂ ಅರ್ಜಿ ತಡವಾಗಬಾರದು ಎಂಬುದು ಇದರಿಂದ ಕಲಿಯಬೇಕಾದ ಪಾಠ. ಇನ್ನೊಂದು ಪಾಠ: ಮ್ಯಾಜಿಸ್ಟ್ರೇಟರ ಆದೇಶವಾದ ಮೇಲೂ ಹಣ ಬಾರದಿದ್ದರೆ, ಬಾಕಿಯಾದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ನೋಡೋಣ, ಕೊಡಬಹುದು ಎಂದು ಕಾಯುತ್ತ ಕೂತರೆ ಹಳೆಯ ಬಾಕಿ ಆ ದಾರಿಯಲ್ಲಿ ಕೈತಪ್ಪುತ್ತದೆ.

ಯಾವ ಊರಿನ ಕೋರ್ಟು?

ಇದು ನಮ್ಮಂಥ ಹೊರನಾಡ ಕನ್ನಡತಿಯರಿಗೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆ. 1955ರ ಕಾಯಿದೆಯಲ್ಲಿ ಅರ್ಜಿ ಹಾಕಬೇಕಾದದ್ದು ಮದುವೆಯಾದ ಊರಿನಲ್ಲಿ, ಎದುರಾಳಿ ಇರುವ ಊರಿನಲ್ಲಿ, ಅಥವಾ ಇಬ್ಬರೂ ಕೊನೆಗೆ ಒಟ್ಟಿಗಿದ್ದ ಊರಿನಲ್ಲಿ. ತವರಿಗೆ ಮರಳಿದವಳೋ, ಕೆಲಸ ಹುಡುಕಿ ಬೇರೆ ನಗರಕ್ಕೆ ಬಂದವಳೋ ಪ್ರತಿ ತಾರೀಖಿಗೂ ರಜೆ ಹಾಕಿ, ಮಗುವನ್ನು ಎತ್ತಿಕೊಂಡು, ಬಸ್ಸೋ ರೈಲೋ ಹತ್ತಿ ಗಂಡನ ಊರಿಗೆ ಹೋಗಬೇಕಿತ್ತು. ಎಷ್ಟೋ ಜನ ಇದಕ್ಕೇ ಹೆದರಿ ಸುಮ್ಮನಾದರು. 2003ರ ತಿದ್ದುಪಡಿ ಇದಕ್ಕೊಂದು ಸಾಲು ಸೇರಿಸಿತು: ಅರ್ಜಿದಾರಳು ಹೆಂಡತಿಯಾಗಿದ್ದರೆ, ಆಕೆ ಅರ್ಜಿ ಹಾಕುವ ದಿನ ವಾಸವಾಗಿರುವ ಊರಿನಲ್ಲೇ ಹಾಕಬಹುದು. ಜೀವನಾಂಶದ ಅರ್ಜಿಗೂ ಹೀಗೆಯೇ, ಆಕೆ ಇರುವ ಜಿಲ್ಲೆಯ ನ್ಯಾಯಾಲಯ ಸಾಕು. ಮಗುವಿನ ಸುಪರ್ದಿಗೆ ಬೇರೆ ಅರ್ಜಿಯೇ ಹಾಕುವುದಾದರೆ ಮಗು ಸಾಮಾನ್ಯವಾಗಿ ವಾಸಿಸುವ ಊರಿನ ನ್ಯಾಯಾಲಯ.

ಇಷ್ಟೇ ಮುಖ್ಯವಾದ ಇನ್ನೆರಡು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ, ಮದುವೆ ಮುರಿಯದೆಯೇ ರಕ್ಷಣೆ, ಹಣಕಾಸು, ಮಗುವಿನ ತಾತ್ಕಾಲಿಕ ಸುಪರ್ದಿ, ವಾಸದ ಮನೆಯ ಹಕ್ಕು ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಲು ಅವಕಾಶ ಕೊಟ್ಟಿತು. ಮನೆ ಅತ್ತೆಮಾವಂದಿರ ಹೆಸರಿನಲ್ಲಿದೆ ಎಂಬ ಕಾರಣಕ್ಕೇ ವಾಸದ ಹಕ್ಕು ತಪ್ಪುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನು ವಕೀಲರ ಫೀಸಿನ ಚಿಂತೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ಪ್ರತಿ ಜಿಲ್ಲಾ ನ್ಯಾಯಾಲಯದಲ್ಲೂ ಇದರ ಕಚೇರಿಯಿದೆ. ದೇಶದಾದ್ಯಂತ ಸಹಾಯವಾಣಿ 15100.

ಇನ್ನೂ ಆಗಬೇಕಾದದ್ದು

ಎಲ್ಲವೂ ಸರಿಹೋಯಿತು ಎನ್ನಲಾರೆ. ಮದುವೆಯಾದ ಮೇಲೆ ಇಬ್ಬರ ಶ್ರಮದಿಂದ ಕೊಂಡ ಮನೆ ಗಂಡನ ಒಬ್ಬನ ಹೆಸರಿನಲ್ಲಿದ್ದರೆ, ವಿಚ್ಛೇದನದ ದಿನ ಅದರಲ್ಲಿ ಅರ್ಧ ತಾನಾಗಿ ಹೆಂಡತಿಗೆ ಬರುವುದಿಲ್ಲ. ಕಾರವಾರದ ಪಕ್ಕದ ಗೋವಾದಲ್ಲಿ ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆಯಿಂದಾಗಿ ದಂಪತಿಗಳ ಆಸ್ತಿ ಸಾಮಾನ್ಯವಾಗಿ ಇಬ್ಬರದೂ ಆಗಿರುತ್ತದೆ. ಗಡಿ ದಾಟಿ ಈಚೆ ಬಂದರೆ ಆ ನಿಯಮವಿಲ್ಲ. ಮನೆ ಸಾಲದ ಕಂತು ನಿಮ್ಮ ಖಾತೆಯಿಂದ ಹೋಗುತ್ತಿದ್ದರೆ ಪತ್ರದಲ್ಲಿ ನಿಮ್ಮ ಹೆಸರೂ ಇರಲಿ. ತವರಿನಿಂದ ತಂದ ಒಡವೆ ನಿಮ್ಮದೇ ಸ್ತ್ರೀಧನ, ಗಂಡನ ಮನೆಯವರು ಇಟ್ಟುಕೊಂಡಿದ್ದರೂ ಅವರು ಅದರ ಒಡೆಯರಲ್ಲ ಎಂದು 1985ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ರಸೀದಿ, ಫೋಟೋ ಇಟ್ಟುಕೊಂಡಿರಿ. 6ನೇ ಕಲಮಿನಲ್ಲಿ ತಂದೆಯೇ ಮೊದಲು ಎಂಬ ಅಕ್ಷರ ಇನ್ನೂ ಅಳಿಸಿಲ್ಲ. ತಂದೆ ತಾಯಿ ಇಬ್ಬರನ್ನೂ ಸಮಾನ ಪಾಲಕರನ್ನಾಗಿ ಮಾಡಿ ಎಂದು ಕಾನೂನು ಆಯೋಗ 2015ರಲ್ಲಿ ಶಿಫಾರಸು ಮಾಡಿದೆ. ಅದು ಶಿಫಾರಸಾಗಿಯೇ ಇದೆ.

ಯಾರ ಸಂಸಾರವೂ ಮುರಿಯಲಿ ಎಂದು ನಾನು ಇದನ್ನು ಬರೆದಿಲ್ಲ. ಕೂಡಿ ಬಾಳುವುದೇ ಎಲ್ಲರ ಆಸೆ. ಆದರೆ ಹೋಗಲು ಬೇರೆ ದಾರಿಯಿಲ್ಲ ಎಂಬ ಭಯದಿಂದ ಸಹಿಸುವುದು ಬೇರೆ, ದಾರಿ ಗೊತ್ತಿದ್ದೂ ಕೂಡಿ ಬಾಳಲು ನಿರ್ಧರಿಸುವುದು ಬೇರೆ.

ರಾಜ್ಯೋತ್ಸವದ ದಿನ ಪ್ರಶ್ನೆ ಕೇಳಿದ ಆ ತಂಗಿಗೆ ಎರಡು ವಾರದ ನಂತರ ಫೋನು ಮಾಡಿ, ಓದಿ ತಿಳಿದದ್ದನ್ನು ಹೇಳಿದೆ: ಇಲ್ಲೇ ಹಾಕಬಹುದು, ಈ ವಯಸ್ಸಿನ ಮಗಳು ಸಾಮಾನ್ಯವಾಗಿ ನಿಮ್ಮ ಬಳಿಯೇ, ಮಗಳ ಖರ್ಚು ಕೇಳುವುದು ನಿಮ್ಮ ಹಕ್ಕು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನ ಯಾರೂ ನನಗ ಹೇಳಿರ್ಲಿಲ್ರೀ ಅಕ್ಕಾ” ಎಂದರು. ಕಾನೂನು ನೆರವಿನ ಕಚೇರಿಗೆ ಇಬ್ಬರೂ ಜೊತೆಯಾಗಿ ಹೋದೆವು. ಅರ್ಜಿ ಈಗ ಇಲ್ಲಿನ ನ್ಯಾಯಾಲಯದಲ್ಲಿದೆ. ತೀರ್ಪು ಇನ್ನೂ ಬಂದಿಲ್ಲ. ಮಗಳು ಈ ಜೂನಿನಲ್ಲಿ ಶಾಲೆಗೆ ಸೇರಿದಳು. ಪ್ರವೇಶ ಪತ್ರದಲ್ಲಿ ಪಾಲಕರ ಜಾಗದಲ್ಲಿ ಸಹಿ ಮಾಡಿದವರು ಅವಳ ತಾಯಿ.